ಬಯಲಿಗೆ ಬಂದ ಗುಡ್ಡದ ಸೈಕಲ್ಲು

ಗುಡ್ಡ ಹತ್ತಲೆಂದೇ ಮಾಡಿದ ಸೈಕಲ್ಲನ್ನು ಗುಡ್ಡವೇ ಇಲ್ಲದ ಊರಿಗೆ ತಂದರೆ ಏನು ಮಾಡಬೇಕು? ಮಾರಬೇಕೋ, ಅಟ್ಟಕ್ಕೆ ಏರಿಸಬೇಕೋ, ಇಲ್ಲಾ ಬೇರೆ ದಾರಿ ಏನಾದರೂ ಇದೆಯೋ? ಇಪ್ಪತ್ತು ವರ್ಷದಿಂದ ದಾಂಡಿ ಸೈಕಲ್ಲು ತುಳಿದುಕೊಂಡು ಶಾಲೆಗೆ ಹೋಗುವ ನನಗೆ ಇಂಥ ಪ್ರಶ್ನೆ ಎಂದೂ ಬಂದಿರಲಿಲ್ಲ. ನನ್ನದಕ್ಕೆ ಗೇರಿಲ್ಲ, ಹಿಂದೆ ಕ್ಯಾರಿಯರ್ ಇದೆ, ಪಟ್ಟಿಪುಸ್ತಕದ ಚೀಲ ಕಟ್ಟಿದರೆ ಬೀಳುವುದಿಲ್ಲ, ಅಷ್ಟು ಸಾಕು.

2023ರ ಮೇ ತಿಂಗಳಲ್ಲಿ ನಮ್ಮ ಅಕ್ಕನ ಮನೆಯವರು ಚಿಕ್ಕಮಗಳೂರಿನಿಂದ ನಮ್ಮ ಅಕ್ಕಲಕೋಟ ತಾಲೂಕಿಗೆ ಬಂದರು. ಭಾವನವರದು ಬ್ಯಾಂಕಿನ ನೌಕರಿ, ವರ್ಗ ಆಗಿತ್ತು. ನಮ್ಮ ಮನೆಯ ಹತ್ತಿರವೇ ಬಾಡಿಗೆ ಹಿಡಿದರು. ಅಳಿಯ ಒಂಬತ್ತನೆಯ ಇಯತ್ತೆಗೆ ಬಂದಿದ್ದ. ಅವನ ಸೈಕಲ್ಲು ಇಪ್ಪತ್ತೊಂದು ಗೇರಿನದು, ಮುಂದೆ ಕುಪ್ಪಳಿಸುವ ಫೋರ್ಕು, ಹೆಬ್ಬೆರಳು ದಪ್ಪದ ಹಲ್ಲುಗಳಿರುವ ಟಯರು. ಚಿಕ್ಕಮಗಳೂರಿನಲ್ಲಿ ಭಾನುವಾರ ಬಂದರೆ ಗೆಳೆಯರ ಜೊತೆ ಕಾಫಿ ತೋಟದ ದಾರಿ, ಮುಳ್ಳಯ್ಯನಗಿರಿಯ ಏರು, ಇದೇ ಅವನ ಲೋಕ. ಮುಳ್ಳಯ್ಯನಗಿರಿ ಅಂದರೆ ಸಮುದ್ರ ಮಟ್ಟದಿಂದ ಸುಮಾರು 1,930 ಮೀಟರ್, ಕರ್ನಾಟಕದಲ್ಲೇ ಎತ್ತರದ ಶಿಖರ. ನಮ್ಮ ಸೋಲಾಪುರ ಸುಮಾರು 450 ಮೀಟರ್. ಅದೂ ಒಂದೇ ಕಡೆ ಎದ್ದು ನಿಂತದ್ದಲ್ಲ, ರೊಟ್ಟಿ ತಟ್ಟಿಟ್ಟ ಹಾಗೆ ಹರಡಿಕೊಂಡದ್ದು.

ಎರಡು ದಿನ ಊರು ಸುತ್ತಿ ಬಂದು ಹುಡುಗ ಕೇಳಿದ ಮೊದಲ ಮಾತು: "ಮಾಮಾ, ಇಲ್ಲಿ ಗುಡ್ಡಾನೇ ಇಲ್ವಲ್ಲ?"

"ಇಲ್ಲ ನೋಡಪ್ಪಾ. ಇದ್ದದ್ದ ಇಷ್ಟ" ಅಂದೆ.

ಆಮೇಲೆ ಸೈಕಲ್ಲು ಮೂಲೆ ಸೇರಿತು. ಒಂದು ತಿಂಗಳು ಅದರ ಮೇಲೆ ಟವೆಲ್ಲು ಒಣಗುತ್ತಿತ್ತು. ಅಕ್ಕ ನನ್ನ ಹತ್ತಿರ ಬಂದು, "ಅದನ್ನ ಮಾರಿ ಬಿಡ್ತೀನಿ ಅಂತಾನ. ಮನ್ಯಾಗ ಮಾತಾಡೂದೂ ಕಡಿಮಿ ಮಾಡ್ಯಾನ. ನೀ ಒಂದೀಟು ನೋಡು" ಅಂದಳು. ಅವಳಿಗೆ ಸೈಕಲ್ಲಿನ ಚಿಂತೆ ಇರಲಿಲ್ಲ, ಮಗನದಿತ್ತು. ಹದಿನಾಲ್ಕರ ವಯಸ್ಸಿನಲ್ಲಿ ಊರು, ಗೆಳೆಯರು, ಶಾಲೆ ಎಲ್ಲ ಒಂದೇ ಸಲಕ್ಕೆ ಬಿಟ್ಟು ಬಂದವ ಅವನು. ಇಲ್ಲಿ ಅವನ ಮಾತಿಗೆ ಹುಡುಗರು ನಗುತ್ತಿದ್ದರು. ಹೊಲಕ್ಕೆ ಗದ್ದೆ ಅಂತಾನೆ, 'ಹೌದ್ರಿ' ಅನ್ನಲು ಬರುವುದಿಲ್ಲ, ಮರಾಠಿಯಂತೂ ಮೊದಲೇ ಇಲ್ಲ. ಅವನದು ಅಂತ ಉಳಿದಿದ್ದದ್ದು ಆ ಸೈಕಲ್ಲು ಒಂದೇ. ಅದನ್ನೂ ಮಾರಿದರೆ ಏನು ಉಳಿಯಿತು?

ನನಗೆ ಗೇರು ಸೈಕಲ್ಲಿನ ವಿದ್ಯೆ ಗೊತ್ತಿಲ್ಲ. ಆದರೆ ಈ ನೆಲ ಗೊತ್ತು. ಹಾಗಾಗಿ ಜುಲೈ ತಿಂಗಳ ಒಂದು ಭಾನುವಾರ ನಾನು ನನ್ನ ದಾಂಡಿ ಸೈಕಲ್ಲಿನಲ್ಲಿ, ಅವನು ಗುಡ್ಡದ ಸೈಕಲ್ಲಿನಲ್ಲಿ ಹೊರಟೆವು. ಅಂದಿನಿಂದ ಎರಡು ವರ್ಷದಲ್ಲಿ ನಾವು ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ವರ್ಗವಾಗಿ ಬಯಲು ಸೀಮೆಗೆ ಬರುವವರ ಮಕ್ಕಳಿಗೆ ಉಪಯೋಗ ಆದೀತು.

ಮೊದಲನೆಯದು ಹಳ್ಳ. ದಕ್ಖನ್ನಿನ ಈ ಭಾಗ ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಲಾವಾ ಪದರ ಪದರವಾಗಿ ಹರಿದು ಆದದ್ದು ಅಂತ ಭೂಗೋಳದಲ್ಲಿ ನಾವೇ ಪಾಠ ಮಾಡುತ್ತೇವೆ. ಅದಕ್ಕೇ ದೂರದಿಂದ ನೋಡಿದರೆ ಸಪಾಟು. ಆದರೆ ನೀರು ಸುಮ್ಮನೆ ಕೂತಿಲ್ಲವಲ್ಲ, ಎಲ್ಲ ಕಡೆ ಕೊರೆದಿದೆ. ಬೋರಿ ನದಿಗೆ ಸೇರುವ ಒಂದೊಂದು ಹಳ್ಳವೂ ನೆಲದೊಳಗೆ ಆರೇಳು ಮೀಟರ್ ಇಳಿದಿರುತ್ತದೆ. ರಸ್ತೆಯ ಮೇಲಿಂದ ಹೋಗುವವರಿಗೆ ಸೇತುವೆ ಇದೆ, ಕಾಣುವುದಿಲ್ಲ. ಚಕ್ಕಡಿ ದಾಟುವ ಜಾಗದಲ್ಲಿ ಇಳಿದರೆ ಗೊತ್ತಾಗುತ್ತದೆ. ಒಮ್ಮೆಲೇ ಇಳಿಜಾರು, ತಳದಲ್ಲಿ ಉಸುಕು, ಗುಂಡುಕಲ್ಲು, ಮತ್ತೆ ಎದುರು ದಂಡೆಯ ಏರು. ಒಂದು ಸಲ ದಾಟಿದರೆ ಆರು ಮೀಟರ್ ಏರಿದ ಹಾಗೆ. ಹತ್ತು ಸಲ ದಾಟಿದರೆ ಅರವತ್ತು. ಅಳಿಯ ಮೊಬೈಲಿನಲ್ಲಿ ಲೆಕ್ಕ ಇಟ್ಟ. ಇಪ್ಪತ್ತು ಕಿಲೋಮೀಟರ್ ತಿರುಗಾಟದಲ್ಲಿ ನೂರು ಮೀಟರಿಗೂ ಹೆಚ್ಚು ಏರಿದ್ದೇವೆ ಅಂತ ಅದು ತೋರಿಸಿದಾಗ ಅವನ ಮುಖದ ಮೇಲೆ ಮೊದಲ ಸಲ ನಗು ನೋಡಿದೆ. ಮುಳ್ಳಯ್ಯನಗಿರಿಗೆ ಇದು ಯಾವ ಲೆಕ್ಕ? ಆದರೂ ಸೊನ್ನೆಯಂತೂ ಅಲ್ಲ.

ಮಳೆ ಬಂದ ದಿನ ಮತ್ತು ಮರುದಿನ ಹಳ್ಳಕ್ಕೆ ಇಳಿಯಬಾರದು. ಇಲ್ಲಿ ಬಿಸಿಲಿದ್ದರೂ ಮೇಲೆ ತುಳಜಾಪುರದ ಕಡೆ ಸುರಿದ ನೀರು ತಾಸೊಪ್ಪತ್ತಿನಲ್ಲಿ ಬಂದು ಬಿಡುತ್ತದೆ. ಇದನ್ನು ಹುಡುಗರಿಗೆ ನಾನು ಬೈದೇ ಹೇಳುವುದು.

ಎರಡನೆಯದು ಮಡ್ಡಿ. ಎರಿ ಹೊಲ ಬಿಟ್ಟು ಸ್ವಲ್ಪ ಎತ್ತರಕ್ಕೆ ಬಂದರೆ ಮಣ್ಣು ತೆಳುವಾಗಿ, ಮುರುಮು ಕಲ್ಲು ಮೇಲೆ ಬಂದಿರುವ ಬೀಳು ನೆಲ. ಮರಾಠಿಯಲ್ಲಿ ಇದಕ್ಕೆ ಮಾಳ ಅನ್ನುತ್ತಾರೆ. ಕುರಿ ಮೇಯಿಸುವವರು ಬಿಟ್ಟರೆ ಯಾರೂ ಬರುವುದಿಲ್ಲ. ಸಡಿಲ ಕಲ್ಲಿನ ಮೇಲೆ ಮುಂದಿನ ಗಾಲಿ ಜಾರದಂತೆ ತಿರುಗಿಸುವುದು, ಬ್ರೇಕನ್ನು ಒಮ್ಮೆಲೇ ಹಿಡಿಯದೆ ಬಿಟ್ಟು ಬಿಟ್ಟು ಹಿಡಿಯುವುದು, ಪೆಡಲಿನ ಮೇಲೆ ನಿಂತು ಮೈ ಹಿಂದೆ ಮುಂದೆ ಮಾಡುವುದು, ಇದಕ್ಕೆಲ್ಲ ಮಡ್ಡಿಗಿಂತ ಒಳ್ಳೆಯ ಶಾಲೆ ಇಲ್ಲವಂತೆ. ಇದು ಅಳಿಯನ ಮಾತು. ಘಟ್ಟದ ದಾರಿಯಲ್ಲಿ ತಪ್ಪಿದರೆ ಕಣಿವೆ, ಇಲ್ಲಿ ತಪ್ಪಿದರೆ ಮೊಳಕಾಲು ತರಚುತ್ತದೆ. ಹಾಗಾಗಿ ಧೈರ್ಯ ಮಾಡಿ ಕಲಿಯಬಹುದು.

ಆದರೆ ಮಾಳ ಅಂದ ತಕ್ಷಣ ನುಗ್ಗಬಾರದು. ಸೋಲಾಪುರದ ಆಚೆ ನಾನ್ನಜ ಕಡೆಯ ಮಾಳ 1979ರಿಂದ ಮಾಳಢೋಕ ಪಕ್ಷಿಯ ಅಭಯಾರಣ್ಯ. ಆ ಹಕ್ಕಿ ಮೊಟ್ಟೆ ಇಡುವುದು ನೆಲದ ಮೇಲೆ, ಅದೂ ಒಂದೇ. ನಮ್ಮ ಆಟಕ್ಕೆ ಅಂಥ ಜಾಗ ಬೇಡವೇ ಬೇಡ. ಕಲ್ಲು ತೆಗೆದ ಖಣಿಗಳೂ ಬೇಡ. ಮಳೆಗಾಲದಲ್ಲಿ ನೀರು ತುಂಬಿ ಆಳ ಗೊತ್ತಾಗುವುದಿಲ್ಲ. ಕುರಿ ಹಿಂಡು ಕಂಡರೆ ಸೈಕಲ್ಲಿನಿಂದ ಇಳಿದು ನಡೆಯಬೇಕು. ಕುರಿಗಾರನ ನಾಯಿಗೆ ಗೇರು ಸೈಕಲ್ಲು ಯಾವುದು, ತೋಳ ಯಾವುದು ಅಂತ ತಿಳಿಸಿ ಹೇಳುವವರು ಯಾರು?

ಮೂರನೆಯದು ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಪಡುವಣ ಗಾಳಿ ಬೀಸುತ್ತದೆ. ಮಳೆ ಬರುತ್ತದೋ ಇಲ್ಲವೋ, ಗಾಳಿ ಮಾತ್ರ ತಪ್ಪುವುದಿಲ್ಲ. ಗಿಡ ಕಡಿಮೆ, ತಡೆಯುವುದು ಏನೂ ಇಲ್ಲ. ಆ ಗಾಳಿಗೆ ಎದುರಾಗಿ ಸೈಕಲ್ಲು ತುಳಿದವರಿಗೆ ನಮ್ಮೂರು ಸಪಾಟು ಅಂತ ಹೇಳಲು ಬಾಯಿ ಬರುವುದಿಲ್ಲ. ಇದನ್ನು ಲೆಕ್ಕ ಮಾಡಿಯೇ ತೋರಿಸಿದೆ. ಗಾಳಿ ಒತ್ತುವ ಬಲ ಅದರ ವೇಗದ ವರ್ಗದಂತೆ ಹೆಚ್ಚುತ್ತದೆ. ನೀನು ತಾಸಿಗೆ 15 ಕಿಲೋಮೀಟರಿನಲ್ಲಿ ಹೋಗುತ್ತಿದ್ದೀ, ಎದುರಿನಿಂದ 20 ಕಿಲೋಮೀಟರ್ ಗಾಳಿ ಬರುತ್ತಿದೆ ಅಂದರೆ, ನಿನ್ನ ಎದೆಗೆ ತಾಗುವುದು 35ರ ಗಾಳಿ. 35ನ್ನು 15ರಿಂದ ಭಾಗಿಸಿ ವರ್ಗ ಮಾಡು, ಸುಮಾರು 5.4. ಗಾಳಿ ಇಲ್ಲದ ದಿನಕ್ಕಿಂತ ಐದು ಪಟ್ಟಿಗೂ ಹೆಚ್ಚು ಒತ್ತಡ. ಹುಡುಗನ ತೂಕ, ಸೈಕಲ್ಲಿನ ತೂಕ ಹಿಡಿದು ಅಂದಾಜು ಮಾಡಿದರೆ, ನೂರು ಮೀಟರಿಗೆ ನಾಲ್ಕು ಮೀಟರ್ ಏರುವ ರಸ್ತೆಗೆ ಹೆಚ್ಚು ಕಡಿಮೆ ಸಮ. ಗುಡ್ಡಕ್ಕಾದರೆ ತುದಿ ಇರುತ್ತದೆ, ಹತ್ತಿ ಮುಗಿಸಬಹುದು. ಈ ಗಾಳಿಗೆ ಮನೆ ಮುಟ್ಟುವವರೆಗೆ ತುದಿ ಇಲ್ಲ.

ಇದನ್ನು ನಮಗಿಂತ ಚೆನ್ನಾಗಿ ಅರಿತವರು ಡಚ್ಚರು. ನೆದರ್‌ಲ್ಯಾಂಡ್ಸ್ ದೇಶದ ಕಾಲು ಭಾಗದಷ್ಟು ನೆಲ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಅಲ್ಲಿ ಎದುರುಗಾಳಿಗೇ ಒಂದು ಸೈಕಲ್ ಸ್ಪರ್ಧೆ ಇದೆ. 2013ರಲ್ಲಿ ಶುರುವಾದದ್ದು. ಬಿರುಗಾಳಿ ಬರುತ್ತದೆ ಅಂತ ಹವಾಮಾನದವರು ಹೇಳಿದ ಮೇಲೆ, ಸಮುದ್ರಕ್ಕೆ ಕಟ್ಟಿದ ದೊಡ್ಡ ತಡೆಗೋಡೆಯ ಮೇಲೆ, ಗೇರಿಲ್ಲದ ಸಾದಾ ಸೈಕಲ್ಲಿನಲ್ಲಿ ಗಾಳಿಗೆ ಎದುರಾಗಿ ಓಡಿಸಬೇಕು. ಅದೇ ದೇಶದಲ್ಲಿ ಕಸ ಸುರಿದು ಸುರಿದು ಆದ ಒಂದು ಗುಡ್ಡೆಗೆ ಸೈಕಲ್ ಏರುದಾರಿ ಮಾಡಿದ್ದಾರೆ. 2023ರ ಯುರೋಪಿಯನ್ ರಸ್ತೆ ಸೈಕಲ್ ಚಾಂಪಿಯನ್‌ಶಿಪ್ಪಿನ ಓಟಗಳು ಆ ಕಸದ ಗುಡ್ಡೆಯ ಮೇಲೇ ಮುಗಿದವು. ಇನ್ನೊಂದು ಮಾತು ಕೇಳಿ ಅಳಿಯ ಬಾಯಿ ತೆರೆದು ಕೂತ. ಮೌಂಟನ್ ಬೈಕ್ ಸ್ಪರ್ಧೆ ಒಲಿಂಪಿಕ್ಸಿಗೆ ಮೊದಲ ಸಲ ಸೇರಿದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. ಗಂಡಸರ ಚಿನ್ನದ ಪದಕ ಸ್ವಿಟ್ಜರ್‌ಲ್ಯಾಂಡಿಗೆ ಹೋಗಲಿಲ್ಲ, ಫ್ರಾನ್ಸಿಗೆ ಹೋಗಲಿಲ್ಲ. ಗೆದ್ದವ ಬಾರ್ಟ್ ಬ್ರೆಂಟ್ಯೆನ್ಸ್, ನೆದರ್‌ಲ್ಯಾಂಡ್ಸಿನವ. ಆಲ್ಪ್ಸ್ ಪರ್ವತ ಇರುವ ದೇಶದವರು ಬೆಳ್ಳಿ, ಕಂಚು ಹಿಡಿದುಕೊಂಡು ಮನೆಗೆ ಹೋದರು!

ಆ ಸೈಕಲ್ಲಿನ ಹುಟ್ಟನ್ನೂ ನೋಡಿ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟಮಾಲ್‌ಪಾಯಸ್ ಎಂಬ ಗುಡ್ಡದ ಹತ್ತಿರದ ಹುಡುಗರು ಮೂವತ್ತು ನಲವತ್ತು ವರ್ಷ ಹಳೆಯ, ಭಾರದ, ದಪ್ಪ ಟಯರಿನ ಸೈಕಲ್ಲುಗಳನ್ನು ಗುಜರಿಯಿಂದ ತಂದು ಮಣ್ಣಿನ ಇಳಿಜಾರಿನಲ್ಲಿ ಬಿಡುತ್ತಿದ್ದರು. ಇಳಿಯುವಾಗ ಹಿಂದಿನ ಗಾಲಿಯೊಳಗಿನ ಬ್ರೇಕು ಕಾದು ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಪ್ರತಿ ಸಲ ಬಿಚ್ಚಿ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. 1976ರಲ್ಲಿ ಶುರುವಾದ ಅವರ ಸ್ಪರ್ಧೆಗೆ 'ರೀಪ್ಯಾಕ್' ಅಂತ ಹೆಸರು ಬಂದದ್ದು ಅದರಿಂದಲೇ. ಅಂದರೆ ಈ ಗುಡ್ಡದ ಸೈಕಲ್ಲಿನ ಅಜ್ಜ ಸಪಾಟು ರಸ್ತೆಯ ಸಾದಾ ಸೈಕಲ್ಲೇ, ನಮ್ಮೂರಿನ ಹಾಲಿನವನ ಸೈಕಲ್ಲಿನ ಜಾತಿಯದು. ಬಯಲಿಗೆ ಬಂದರೆ ಅದು ಅಜ್ಜನ ಊರಿಗೆ ಬಂದ ಹಾಗಲ್ಲವೇ ಅಂತ ಅಳಿಯನನ್ನು ಕೇಳಿದೆ.

ಇನ್ನು ಸೈಕಲ್ಲಿಗೆ ಏನೇನು ಬದಲಾವಣೆ ಬೇಕು ಅನ್ನುವುದು. ದುಡ್ಡಿನ ಖರ್ಚು ಹೆಚ್ಚಿಲ್ಲ.

ಮೊದಲ ಶತ್ರು ಮುಳ್ಳು. ಜಾಲಿ ಮುಳ್ಳು ಕಣ್ಣಿಗೆ ಕಾಣುತ್ತದೆ. ಕಾಣದ್ದು ನೆಗ್ಗಿಲ ಮುಳ್ಳು, ಮರಾಠಿಯವರ ಸರಾಟಾ. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೆ ಇರುವಂತೆ ದೇವರು ಅದನ್ನು ಮಾಡಿದ್ದಾನೆ. ಅಮೆರಿಕದ ಪಶ್ಚಿಮ ಭಾಗದ ಸೈಕಲ್ಲಿನವರಿಗೂ ಇದೇ ಮುಳ್ಳಿನ ಕಾಟವಂತೆ, ಆಡಿನ ತಲೆಯ ಹಾಗಿದೆ ಅಂತ ಅಲ್ಲಿ ಅದಕ್ಕೆ ಗೋಟ್‌ಹೆಡ್ ಅನ್ನುತ್ತಾರೆ. ಮೊದಲ ತಿಂಗಳಲ್ಲಿ ಅಳಿಯನಿಗೆ ಒಂಬತ್ತು ಪಂಕ್ಚರ್. ನಮ್ಮೂರ ಸೈಕಲ್ ಅಂಗಡಿಯ ಕಾಕಾ ಒಂದು ಉಪಾಯ ಹೇಳಿದರು. ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ, ಟಯರಿಗೂ ಹೊಸ ಟ್ಯೂಬಿಗೂ ನಡುವೆ ಹಾಸುವುದು. ತೂಕ ಸ್ವಲ್ಪ ಹೆಚ್ಚುತ್ತದೆ, ಪಂಕ್ಚರ್ ಬಹಳ ಕಡಿಮೆಯಾಗುತ್ತದೆ. ದುಡ್ಡಿದ್ದವರು ಟ್ಯೂಬಿನೊಳಗೆ ಸೀಲೆಂಟ್ ಹಾಕಿಸಬಹುದು. ಸಣ್ಣ ತೂತನ್ನು ಅದೇ ಮುಚ್ಚುತ್ತದೆ.

ಗಾಳಿ ತುಂಬುವುದರಲ್ಲೂ ಲೆಕ್ಕ ಇದೆ. ಡಾಂಬರು ರಸ್ತೆಗೆ ಟಯರು ಗಟ್ಟಿ ಇರಲಿ, ಹುಡುಗರ ತೂಕಕ್ಕೆ 40 ಪಿಎಸ್‌ಐ ಸುತ್ತಮುತ್ತ ಸಾಕು. ಮಡ್ಡಿ, ಉಸುಕಿಗೆ ಇಳಿಯುವ ಮುಂದೆ 30ರ ಹತ್ತಿರಕ್ಕೆ ಇಳಿಸಿದರೆ ಹಿಡಿತ ಬರುತ್ತದೆ. ಅದಕ್ಕಿಂತ ಬಹಳ ಕಡಿಮೆ ಮಾಡಿದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ. ಜೊತೆಗೆ ಕೈಪಂಪು ಇರಲೇಬೇಕು. ಚೈನಿಗೆ ಎಣ್ಣೆ ಬಿಟ್ಟ ಮೇಲೆ ಬಟ್ಟೆಯಿಂದ ಹೊರಗಿನದು ಒರೆಸಿ ತೆಗೆಯಬೇಕು. ಇಲ್ಲದಿದ್ದರೆ ನಮ್ಮ ಧೂಳು ಎಣ್ಣೆಗೆ ಅಂಟಿ, ಸಾಣೆ ಹಿಡಿದ ಹಾಗೆ ಹಲ್ಲು ತಿನ್ನುತ್ತದೆ.

ಎರಡನೆಯ ಶತ್ರು ಎರಿ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಅದರಲ್ಲಿ ಮುಂದಿನ ಗಾಲಿ ಸಿಕ್ಕರೆ ಸವಾರ ಮುಂದಕ್ಕೆ ಹಾರಿ ಬೀಳುತ್ತಾನೆ. ಮಳೆ ಬಿದ್ದರೆ ಅದೇ ಮಣ್ಣು ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಐವತ್ತು ಹೆಜ್ಜೆ ಹೋಗುವುದರೊಳಗೆ ಟಯರಿಗೂ ಫೋರ್ಕಿಗೂ ನಡುವೆ ತುಂಬಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ. ಇಪ್ಪತ್ತೊಂದು ಗೇರಿದ್ದರೂ ಅಷ್ಟೇ, ನಲವತ್ತಿದ್ದರೂ ಅಷ್ಟೇ. ಹೆಗಲ ಮೇಲೆ ಹೊತ್ತು ತರಬೇಕು. ಆಗ ಬೇಕಾಗುವ ಉಪಕರಣ ಯಾವ ಸೈಕಲ್ ಅಂಗಡಿಯಲ್ಲೂ ಸಿಗುವುದಿಲ್ಲ. ಕಳೆ ತೆಗೆಯುವ ಕುರ್ಚಿಗಿ. ಅಳಿಯನ ಚೀಲದಲ್ಲಿ ಈಗ ಅದು ಕಾಯಂ.

ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿ ದಾಟುತ್ತದೆ. ನಸುಕಿನಲ್ಲಿ ಹೊರಟು ಎಂಟೂವರೆಯೊಳಗೆ ಮನೆ ಸೇರಬೇಕು. ಎರಡು ಲೀಟರ್ ನೀರು, ಒಂದು ಚಿಟಿಕೆ ಉಪ್ಪು. ಒಳ್ಳೆಯ ಕಾಲ ಅಂದರೆ ದೀಪಾವಳಿಯಿಂದ ಯುಗಾದಿವರೆಗೆ. ಆದರೆ ಆಗ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ ನಿಂತಿರುತ್ತದೆ. ಬೆಳೆ ಇದ್ದಾಗ ಬದುವಿನ ಮೇಲೆ ಸೈಕಲ್ಲು ಹತ್ತಿಸಬಾರದು. ಬದು ಕುಸಿದರೆ ನೀರು ನಿಲ್ಲುವುದಿಲ್ಲ, ನೀರು ನಿಲ್ಲದಿದ್ದರೆ ಜೋಳ ಇಲ್ಲ. ಸುಗ್ಗಿಯಾದ ಮೇಲೂ ಮಾಲೀಕರನ್ನು ಕೇಳಿಯೇ ಹೋಗಬೇಕು. ಕೊಯ್ದು ಉಳಿದ ಜೋಳದ ದಂಟಿನ ಬುಡ ಚಾಕುವಿನ ಹಾಗಿರುತ್ತದೆ ಅನ್ನುವುದೂ ನೆನಪಿರಲಿ.

ಕೇಳಿಯೇ ಹೋಗಬೇಕು ಅನ್ನುವ ಈ ಒಂದು ನಿಯಮದಿಂದ ಹುಡುಗನಿಗೆ ಆದ ಉಪಕಾರ ದೊಡ್ಡದು. "ಅಜ್ಜಾರ, ನಿಮ್ಮ ಗದ್ದೆ ದಂಡೆ ಮ್ಯಾಲೆ ಹೋಗ್ಲಾ?" ಅಂತ ಅರ್ಧ ನಮ್ಮ ಮಾತು, ಅರ್ಧ ಅವನ ಮಾತು ಸೇರಿಸಿ ಕೇಳುತ್ತಿದ್ದ. "ಗದ್ದಿ ಎಲ್ಲೈತೋ ತಮ್ಮಾ ಇಲ್ಲಿ? ಯಾರ ಮಗಾಪಾ ನೀ?" ಅಂತ ಅವರು ನಕ್ಕು, ಕೂರಿಸಿ, ಸೀತನಿ ಕೊಟ್ಟು ಕಳಿಸುತ್ತಿದ್ದರು. ಆರು ತಿಂಗಳಲ್ಲಿ ನನಗೆ ಗೊತ್ತಿಲ್ಲದ ಹೊಲದ ಹೆಸರೆಲ್ಲ ಅವನಿಗೆ ಗೊತ್ತಾಯಿತು. ಅಕ್ಕನೂ ಮಗ ಮಾತಾಡುವುದಿಲ್ಲ ಅನ್ನುವ ದೂರು ಬಿಟ್ಟಳು.

ನಮ್ಮ ಶಾಲೆಗೂ ಬರತೊಡಗಿದ. ಮೈದಾನದ ಒಂದು ಮೂಲೆಯಲ್ಲಿ ಇಟ್ಟಿಗೆ, ಹಳೆ ಟಯರು, ಒಂದು ಹಲಗೆ ಇಟ್ಟು ಅಡೆತಡೆಯ ದಾರಿ ಮಾಡಿದ. ಗುಡ್ಡ ಇಲ್ಲದವರು ಮಣ್ಣಿನ ದಿಬ್ಬ ಮಾಡಿಕೊಂಡು ಪೆಡಲ್ ತುಳಿಯದೆ ಮೈ ಬಳುಕಿಸಿಯೇ ಸೈಕಲ್ಲು ಓಡಿಸುವ ಪದ್ಧತಿ ಬೇರೆ ಕಡೆ ಇದೆಯಂತೆ, ಅದರ ಸಣ್ಣ ರೂಪ. ಗಣರಾಜ್ಯೋತ್ಸವದ ಆಟೋಟದಲ್ಲಿ ನಾವು ಎಂದಿನಂತೆ ನಿಧಾನ ಸೈಕಲ್ ಸ್ಪರ್ಧೆ ಇಟ್ಟಿದ್ದೆವು. ಕೊನೆಗೆ ಮುಟ್ಟಿದವರು ಗೆದ್ದಂತೆ, ಕಾಲು ಊರಬಾರದು. ಅಳಿಯ ಇದು ತನ್ನದೇ ವಿದ್ಯೆ ಅಂದುಕೊಂಡು ಸ್ಪರ್ಧೆಯ ಹೊರಗೆ ಸುಮ್ಮನೆ ಜೊತೆಗೆ ಓಡಿಸಿದ. ಅಪ್ಪನ ಇಪ್ಪತ್ತೆರಡು ಇಂಚಿನ ಸೈಕಲ್ಲಿನ ದಾಂಡಿಯ ಕೆಳಗಿಂದ ಕಾಲು ತೂರಿಸಿ ಕತ್ತರಿ ಪೆಡಲ್ ಹೊಡೆಯುವ ನಮ್ಮ ಏಳನೆಯ ಇಯತ್ತೆಯ ಒಬ್ಬಳು ಹುಡುಗಿ ಅವನನ್ನು ಸೋಲಿಸಿದಳು. ಅವನು ಕಾಲು ಊರಿ ಎಷ್ಟೋ ಹೊತ್ತಾದರೂ ಅವಳು ನಿಂತಲ್ಲೇ ನಿಂತಿದ್ದಳು. ಸಮತೋಲ ಕಲಿಯಲು ಗುಡ್ಡ ಬೇಕಿಲ್ಲ ಅಂತ ಅವತ್ತು ಅವನೇ ಹೇಳಿದ.

ಆ ಹುಡುಗಿಯ ವಿಷಯ ಬಂತಲ್ಲ, ನಾನು ಇಷ್ಟೆಲ್ಲ ಬರೆಯಲು ಕುಳಿತದ್ದೇ ಅದಕ್ಕೆ. ನಮ್ಮದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ, ಏಳನೆಯವರೆಗೆ. ಮುಂದೆ ಕನ್ನಡದಲ್ಲೇ ಓದಬೇಕೆಂದರೆ ಐದು ಕಿಲೋಮೀಟರ್ ದೂರದ ಊರಿನ ಹೈಸ್ಕೂಲು. ಮರಾಠಿ ಹೈಸ್ಕೂಲಿಗಾದರೆ ಮನೆ ಮುಂದೆಯೇ ಗಾಡಿ ಬರುತ್ತದೆ. ಕನ್ನಡ ಹೈಸ್ಕೂಲಿಗೆ ಹೋಗುವ ಡಾಂಬರು ರಸ್ತೆಯಲ್ಲಿ ಕಾರ್ಖಾನೆ ಶುರುವಾದರೆ ದೀಪಾವಳಿಯಿಂದ ಮಾರ್ಚ್‌ವರೆಗೂ ಕಬ್ಬಿನ ಟ್ರ್ಯಾಕ್ಟರು, ಹಿಂದೆ ಎರಡೆರಡು ಟ್ರಾಲಿ. ಎರಡನೆಯ ಟ್ರಾಲಿ ಎತ್ತ ಹೊರಳುತ್ತದೆಂದು ಓಡಿಸುವವನಿಗೂ ಗೊತ್ತಿರುವುದಿಲ್ಲ. ಆ ರಸ್ತೆಯಲ್ಲಿ ಸೈಕಲ್ಲಿನ ಮೇಲೆ ಹೆಣ್ಣುಮಗಳನ್ನು ಯಾರು ಕಳಿಸುತ್ತಾರೆ? ಪ್ರತಿ ವರ್ಷ ಏಳನೆಯದು ಮುಗಿಸಿದ ಮಕ್ಕಳಲ್ಲಿ ಕೆಲವರ ಕನ್ನಡ ಅಲ್ಲಿಗೇ ನಿಲ್ಲುತ್ತಿತ್ತು. ಕೆಲವು ಹುಡುಗಿಯರ ಓದೇ ನಿಲ್ಲುತ್ತಿತ್ತು. ಪಾಲಕರ ಸಭೆಯಲ್ಲಿ ನಾನು ಭಾಷೆ, ಸಂಸ್ಕೃತಿ ಅಂತ ಭಾಷಣ ಮಾಡಿದರೆ, "ಮಾಸ್ತರ್ರ, ಎಲ್ಲಾ ಖರೆ ಐತ್ರಿ, ರಸ್ತಾ ಹೆಂಗ?" ಅನ್ನುತ್ತಿದ್ದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

2024ರ ಮಾರ್ಚಿನಲ್ಲಿ, ಸುಗ್ಗಿ ಮುಗಿದ ಮೇಲೆ, ಅಳಿಯ ಒಂದು ಸಂಜೆ ಬಂದು, "ಮಾಮಾ, ಹಳ್ಳದ ಪಕ್ಕ ಹಳೇ ಚಕ್ಕಡಿ ದಾರಿ ಇದೆ, ಸೀದಾ ಹೈಸ್ಕೂಲಿನ ಹಿಂದೆ ಹೋಗಿ ಮುಟ್ಟುತ್ತೆ. ಡಾಂಬರು ರಸ್ತೆ ಒಂದು ಕಡೆ ಮಾತ್ರ ಅಡ್ಡ ಬರುತ್ತೆ" ಅಂದ. ಬಯಲಿನಲ್ಲಿ ಕಷ್ಟದ ದಾರಿ ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಅದು. ನಾನು ಹೋಗಿ ನೋಡಿದೆ. ನಮ್ಮ ಅಪ್ಪನ ಕಾಲದಲ್ಲಿ ಸಂತೆಗೆ ಹೋಗುತ್ತಿದ್ದ ಪಾಣಂದ ದಾರಿ. ಜಾಲಿ ಬೆಳೆದು ಅರ್ಧ ಮುಚ್ಚಿತ್ತು, ಎರಡು ಕಡೆ ಬದು ಒಳಗೆ ಬಂದಿತ್ತು. ಪಕ್ಕದ ಹೊಲದವರ ಮನೆಗಳಿಗೆ ನಾವಿಬ್ಬರೂ ಹೋದೆವು. ಹುಡುಗನ ಗುರುತು ಎಲ್ಲರಿಗೂ ಇತ್ತು, ಮಾತು ಸಲೀಸಾಯಿತು. ಒಬ್ಬರು ಮಾತ್ರ ಒಪ್ಪಲು ಎರಡು ತಿಂಗಳು ತೆಗೆದುಕೊಂಡರು. ಅವರಿಗೂ ಅವರದೇ ಕಾರಣ ಇತ್ತು, ಒಮ್ಮೆ ದಾರಿ ಬಿಟ್ಟರೆ ಟ್ರ್ಯಾಕ್ಟರು ಬರುತ್ತದೆ ಅಂತ. ಸೈಕಲ್ಲು, ಎತ್ತು, ಮನುಷ್ಯರು ಅಷ್ಟೇ ಅಂತ ಮಾತಾಯಿತು. ಮೇ ತಿಂಗಳಲ್ಲಿ ಪಾಲಕರೇ ಜಾಲಿ ಕಡಿದರು. 2024ರ ಜೂನಿನಲ್ಲಿ ಐದು ಮಕ್ಕಳು ಆ ದಾರಿಯಲ್ಲಿ ಕನ್ನಡ ಹೈಸ್ಕೂಲಿಗೆ ಹೊರಟರು. ಮೂವರು ಹುಡುಗಿಯರು. ನಿಧಾನ ಸೈಕಲ್ಲಿನಲ್ಲಿ ಗೆದ್ದವಳೂ ಇದ್ದಳು. ಯಾರ ಸೈಕಲ್ಲಿಗೂ ಗೇರಿಲ್ಲ. ಟಯರಿನೊಳಗೆ ಹಳೆ ಟ್ಯೂಬು ಹಾಸಿಕೊಟ್ಟವನು ಅಳಿಯ. ಹಳ್ಳದ ಏರಿನಲ್ಲಿ ಯಾವಾಗ ಎದ್ದು ನಿಂತು ತುಳಿಯಬೇಕು, ಯಾವಾಗ ಇಳಿದು ನೂಕಬೇಕು ಅಂತ ಕಲಿಸಿದವನೂ ಅವನೇ.

ಎಲ್ಲವೂ ಸರಿಹೋಯಿತು ಅಂತ ಹೇಳಲಾರೆ. ಎರಿ ಮಣ್ಣು ಎರಿ ಮಣ್ಣೇ. ದೊಡ್ಡ ಮಳೆಯಾದರೆ ಎರಡು ಮೂರು ದಿನ ದಾರಿ ಬಂದ್. 2025ರ ಸೆಪ್ಟೆಂಬರಿನಲ್ಲಿ ಸೋಲಾಪುರ ಜಿಲ್ಲೆಯಲ್ಲಿ ಮಳೆ ಮಿತಿ ಮೀರಿ ಸೀನಾ ನದಿ ಊರುಗಳಿಗೆ ನುಗ್ಗಿದಾಗ ನಮ್ಮ ಹಳ್ಳವೂ ದಂಡೆ ಮೀರಿತು, ವಾರಗಟ್ಟಲೆ ಆ ಕಡೆ ಯಾರೂ ಹೋಗಲಿಲ್ಲ. ಒಬ್ಬಳ ತಾಯಿ, "ಸಾಕ್ರಿ ಮಾಸ್ತರ್ರ, ಮನ್ಯಾಗ ಇರ್ಲಿ" ಅಂದೇ ಬಿಟ್ಟಳು. ನೀರು ಇಳಿದ ಮೇಲೆ ಉಳಿದ ಇಬ್ಬರು ಹುಡುಗಿಯರೇ ಅವಳ ಮನೆಗೆ ಹೋಗಿ ಕರೆದುಕೊಂಡು ಬಂದರು. ನಾನು ಹೋಗಬೇಕಾಗಲಿಲ್ಲ.

ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಹೊಲದ ದಾರಿ, ಪಾಣಂದ ದಾರಿಗಳಿಗಾಗಿ ಮಾತೋಶ್ರೀ ಹೆಸರಿನ ಯೋಜನೆ ತಂದಿತ್ತು. ನಮ್ಮ ದಾರಿಗೂ ಮುರುಮು ಹಾಕಿಸಿ ಅಂತ ಪಾಲಕರು ಗ್ರಾಮ ಪಂಚಾಯತಿಗೆ ಅರ್ಜಿ ಕೊಟ್ಟಿದ್ದಾರೆ, ಮರಾಠಿಯಲ್ಲಿ ಒಂದು, ಕನ್ನಡದಲ್ಲಿ ಒಂದು. ಮುರುಮು ಬಿದ್ದರೆ ಅಳಿಯನಿಗೆ ಆ ದಾರಿಯ ಮೋಜು ಹೋಗುತ್ತದೆ. "ಹೋಗ್ಲಿ ಬಿಡ್ರಿ ಮಾಮಾ, ಬ್ಯಾರೆ ಹಳ್ಳ ಐತಲ್ಲ" ಅನ್ನುತ್ತಾನೆ, ಈಗ ಪೂರ್ತಿ ನಮ್ಮ ಮಾತಿನಲ್ಲೇ.

ಬಯಲಿಗೆ ವರ್ಗವಾಗಿ ಬರುವವರಿಗೆ ನಾನು ಹೇಳುವುದು ಇಷ್ಟೇ. ಮಕ್ಕಳ ಸೈಕಲ್ಲನ್ನು ಬರುವ ಮುಂಚೆ ಮಾರಬೇಡಿ. ಒಂದು ಮಳೆಗಾಲ, ಒಂದು ಸುಗ್ಗಿ ತಡೆಯಿರಿ. ನಿಜವಾದ ಏರೇ ಬೇಕು ಅಂತ ಹಟ ಹಿಡಿದರೆ ವರ್ಷಕ್ಕೆ ಎರಡು ಸಲ ತುಳಜಾಪುರದ ಘಾಟಿಗೆ ಕರೆದುಕೊಂಡು ಹೋಗಿ. ಸೋಲಾಪುರದಿಂದ ಸುಮಾರು 45 ಕಿಲೋಮೀಟರ್, ಬಾಲಾಘಾಟ ಬೆಟ್ಟಸಾಲಿನ ಅಂಚು, ಅಂಬಾಭವಾನಿಯ ದರ್ಶನವೂ ಆಗುತ್ತದೆ. ಬೋರಿ ನದಿಯ ದಂಡೆಯಲ್ಲಿರುವ ನಳದುರ್ಗದ ಕೋಟೆಯೂ ಒಂದು ದಿನದ ಸವಾರಿಗೆ ಚೆಂದ. ಉಳಿದ ದಿನಗಳಿಗೆ ಹಳ್ಳ ಇದೆ, ಮಡ್ಡಿ ಇದೆ, ಗಾಳಿ ಇದೆ. ಚೀಲದಲ್ಲಿ ಪಂಪು, ಎರಡು ಲೀಟರ್ ನೀರು, ಒಂದು ಕುರ್ಚಿಗಿ ಇರಲಿ. ಯಾರ ಹೊಲವಾದರೂ ಕೇಳಿಯೇ ದಾಟಲಿ.